ರೋಗವು ಪಾಪದ ಫಲವೇ? ಒಂದು ಕಾದಂಬರಿಯ ಅಧ್ಯಯನದ ನೆಪದಲ್ಲಿ

ಮನೆಯಲ್ಲಿ ಒಬ್ಬರು ದೀರ್ಘಕಾಲದ ರೋಗಕ್ಕೆ ತುತ್ತಾದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ನಮ್ಮ ಊರುಗಳಲ್ಲಿ ಔಷಧೋಪಚಾರದ ವಿಚಾರಣೆಗೂ ಮೊದಲೇ ಒಂದು ಮಾತು ಕಟ್ಟೆಯ ಮೇಲೆ ಹುಟ್ಟಿಕೊಳ್ಳುತ್ತದೆ: ‘ಯಾವ ಜನ್ಮದ ಕರ್ಮವೋ!’ ಆಡುವವರಲ್ಲಿ ಬಹುಮಂದಿ ಕೆಟ್ಟವರಲ್ಲ. ಕೆಲವರು ಅದನ್ನು ಸಾಂತ್ವನದ ಮಾತೆಂದೇ ತಿಳಿದು ಆಡುತ್ತಾರೆ. ಆದರೆ ಆ ಮಾತು ಗೋಡೆಯಾಚೆ ಹಾಸಿಗೆಯಲ್ಲಿ ಮಲಗಿದವರ ಕಿವಿಗೆ ಬಿದ್ದಾಗ ಅವರು ಏನು ಮಾಡುತ್ತಾರೆ ಎಂಬುದನ್ನು ಆರೋಗ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ವಿಚಾರಿಸುವುದು ಅಗತ್ಯವಾಗಿದೆ. ಬಹುಮಟ್ಟಿಗೆ ಅವರು ರೋಗವನ್ನು ಮುಚ್ಚಿಡುತ್ತಾರೆ. ಎರಡು ವಾರ ಮೀರಿದ ಕೆಮ್ಮನ್ನು ‘ಧೂಳಿನ ಕೆಮ್ಮು’ ಎನ್ನುತ್ತಾರೆ. ಸ್ಪರ್ಶವಿಲ್ಲದ ಬಿಳಿಯ ಮಚ್ಚೆಯನ್ನು ಅಂಗಿಯ ತೋಳಿನಲ್ಲಿ ಮರೆಮಾಡುತ್ತಾರೆ. ಮುಚ್ಚಿಟ್ಟ ರೋಗ ಮನೆಯವರಿಗೆ ಹರಡುತ್ತದೆ. ಪಾಪದ ಮಾತಿಗೂ ರೋಗದ ಹರಡುವಿಕೆಗೂ ಹೀಗೊಂದು ನೇರವಾದ ಸಂಬಂಧವಿದೆ.

ಈ ಸಂಬಂಧವನ್ನು ನನಗೆ ತಿಳಿದಮಟ್ಟಿಗೆ ಅತ್ಯಂತ ಸ್ಪಷ್ಟವಾಗಿ ಬಿಡಿಸಿ ತೋರಿಸಿದ ಗ್ರಂಥ ವೈದ್ಯಶಾಸ್ತ್ರದ್ದಲ್ಲ, ಧರ್ಮಶಾಸ್ತ್ರದ್ದೂ ಅಲ್ಲ. ಅದು ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ 1947ರಲ್ಲಿ ಪ್ರಕಟಿಸಿದ ‘ಪ್ಲೇಗ್’ ಎಂಬ ಕಾದಂಬರಿ. ಕಮೂ ಆಸ್ತಿಕನಲ್ಲ. ಆತನನ್ನು ಅಸ್ತಿತ್ವವಾದಿಗಳ ಸಾಲಿನಲ್ಲಿ ಓದುವುದು ರೂಢಿಯಾದರೂ ಆತ ಸ್ವತಃ ಆ ಹೆಸರನ್ನು ಒಪ್ಪಿಕೊಳ್ಳಲಿಲ್ಲ. ಅಸ್ತಿತ್ವವಾದವೆಂದರೆ, ಸರಳವಾಗಿ ಹೇಳುವುದಾದರೆ, ಮನುಷ್ಯನ ಬಾಳಿಗೆ ಮೊದಲೇ ಬರೆದಿಟ್ಟ ಅರ್ಥವಿಲ್ಲ, ಅವನು ಆರಿಸಿಕೊಳ್ಳುವ ಕ್ರಿಯೆಯಿಂದಲೇ ಅದಕ್ಕೆ ಅರ್ಥ ಬರುತ್ತದೆ ಎನ್ನುವ ವಿಚಾರಧಾರೆ. ಇಂಥ ಲೇಖಕನ ಕೃತಿಯನ್ನು ಶ್ರೀಮಠದ ಸದ್ಭಕ್ತರ ಮುಂದೆ ಇಡುವುದೇಕೆ ಎಂಬ ಪ್ರಶ್ನೆ ಸಹಜ. ಆ ಕೃತಿಯ ನಡುವೆ ನಿಂತಿರುವ ಒಬ್ಬ ಧರ್ಮಗುರುವಿನ ಸಲುವಾಗಿ ಎಂಬುದು ನನ್ನ ಉತ್ತರ.

ಕಥೆ ನಡೆಯುವುದು ಆಫ್ರಿಕಾದ ಉತ್ತರ ತೀರದಲ್ಲಿರುವ, ಅಂದು ಫ್ರೆಂಚರ ಆಳ್ವಿಕೆಗೆ ಒಳಪಟ್ಟಿದ್ದ ಅಲ್ಜೀರಿಯಾದ ಓರಾನ್ ಎಂಬ ಬಂದರು ಪಟ್ಟಣದಲ್ಲಿ. ಏಪ್ರಿಲ್ 16ರ ಬೆಳಿಗ್ಗೆ ವೈದ್ಯ ರಿಯೂ ತನ್ನ ಕೊಠಡಿಯಿಂದ ಹೊರಬರುವಾಗ ಕಾಲಿಗೆ ಸತ್ತ ಇಲಿಯೊಂದು ತಾಗುತ್ತದೆ. ಕೆಲವೇ ದಿನಗಳಲ್ಲಿ ಇಲಿಗಳು ಮೋರಿಗಳಿಂದ, ನೆಲಮಾಳಿಗೆಗಳಿಂದ ಹೊರಬಂದು ಬೀದಿಯಲ್ಲಿ ಸಾಯತೊಡಗುತ್ತವೆ. ಒಂದೇ ದಿನ 6,231 ಇಲಿಗಳನ್ನು ಸುಟ್ಟರೆಂದು ಕಮೂ ಲೆಕ್ಕ ಕೊಡುತ್ತಾನೆ. ಆಮೇಲೆ ಮನುಷ್ಯರ ಸರದಿ. ಆದರೂ ಅಧಿಕಾರಿಗಳು ರೋಗದ ಹೆಸರನ್ನು ಉಚ್ಚರಿಸಲು ಹಿಂಜರಿಯುತ್ತಾರೆ. ವೈದ್ಯರ ಸಭೆಯಲ್ಲಿ ರಿಯೂ ಹೇಳುವುದಿಷ್ಟೇ: ನೀವು ಅದನ್ನು ಏನೆಂದಾದರೂ ಕರೆಯಿರಿ, ಊರಿನ ಅರ್ಧ ಜನ ಸಾಯದಂತೆ ನೋಡಿಕೊಳ್ಳುವುದು ಮುಖ್ಯ. ಕೊನೆಗೆ ಪಟ್ಟಣದ ಬಾಗಿಲುಗಳು ಮುಚ್ಚುತ್ತವೆ. ಒಳಗಿದ್ದವರು ಒಳಗೇ ಉಳಿಯುತ್ತಾರೆ. ಹೊರಗೆ ಹೋದ ಹೆಂಡತಿ, ಮಕ್ಕಳು, ತಾಯಿ ಹೊರಗೇ ಉಳಿಯುತ್ತಾರೆ. ಹತ್ತು ತಿಂಗಳಷ್ಟು ಕಾಲದ ಆ ಅಗಲಿಕೆಯೇ ಕಾದಂಬರಿಯ ಒಡಲು.

ಈ ಅಗಲಿಕೆಯನ್ನು ಕಮೂ ಊಹೆಯಿಂದ ಬರೆದವನಲ್ಲ. ಹದಿನೇಳನೆಯ ವಯಸ್ಸಿನಲ್ಲಿಯೇ ಅವನಿಗೆ ಕ್ಷಯರೋಗ ತಗುಲಿತ್ತು. ಆ ರೋಗದ ಕಾರಣದಿಂದಲೇ ಅಧ್ಯಾಪಕ ಪದವಿಗೆ ಅಗತ್ಯವಾದ ಪರೀಕ್ಷೆಗೆ ಕೂರಲು ಅವಕಾಶ ಸಿಗಲಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಚಿಕಿತ್ಸೆಗಾಗಿ ಫ್ರಾನ್ಸಿನ ಬೆಟ್ಟದೂರೊಂದಕ್ಕೆ ಬಂದವನು ಯುದ್ಧದ ತಿರುವಿನಿಂದಾಗಿ ಅಲ್ಜೀರಿಯಾದಲ್ಲಿದ್ದ ಹೆಂಡತಿಯಿಂದ ಬಹುಕಾಲ ದೂರವಾಗಿ ಉಳಿದ. ಅಲ್ಲಿಯೇ ಈ ಕಾದಂಬರಿಯ ಬಹುಭಾಗ ರೂಪುಗೊಂಡಿತು. ಆ ಊರಿನ ಹತ್ತಿರದಲ್ಲೇ ಲ ಶಾಂಬೋ ಎಂಬ ಹಳ್ಳಿಯಿದೆ. ಅಲ್ಲಿನ ಭಕ್ತಜನರು ತಮ್ಮ ಪಾದ್ರಿಯ ಮುಂದಾಳುತನದಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯೆಹೂದಿಗಳನ್ನು ತಮ್ಮ ಮನೆಗಳಲ್ಲಿ ಅಡಗಿಸಿಟ್ಟು ಕಾಪಾಡಿದರು. ನಾಸ್ತಿಕ ಲೇಖಕ ತನ್ನ ರೋಗಕ್ಕೆ ಆರೈಕೆ ಪಡೆಯುತ್ತ ಧರ್ಮಗುರುವಿನ ಪಾತ್ರವನ್ನು ಕಡೆದದ್ದು ಇಂಥ ನೆರೆಯಲ್ಲಿ ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ಆ ಧರ್ಮಗುರುವಿನ ಹೆಸರು ಪಾನ್ಲೂ. ವಿದ್ವಾಂಸ, ಪ್ರಖರ ವಾಗ್ಮಿ. ಪಿಡುಗು ಹಬ್ಬಿದ ಮೊದಲ ತಿಂಗಳಲ್ಲಿ ಪ್ರಾರ್ಥನಾ ಸಪ್ತಾಹ ನಡೆಯುತ್ತದೆ, ಮಂದಿರ ಕಿಕ್ಕಿರಿಯುತ್ತದೆ. ಪಾನ್ಲೂ ತನ್ನ ಪ್ರವಚನದಲ್ಲಿ, ನಿಮ್ಮ ಮೇಲೆ ಬಂದ ಈ ವಿಪತ್ತಿಗೆ ನೀವು ಅರ್ಹರೇ ಆಗಿದ್ದೀರಿ ಎಂದು ಆರಂಭಿಸುತ್ತಾನೆ. ರಾಶಿ ಒಕ್ಕುವ ಕಣದ ಉಪಮೆಯನ್ನು ತಂದು, ಕಾಳು ಬೇರೆ ಹೊಟ್ಟು ಬೇರೆಯಾಗುವ ತನಕ ದೇವರು ಲೋಕವೆಂಬ ಕಣದಲ್ಲಿ ಬಡಿಯುತ್ತಲೇ ಇರುತ್ತಾನೆ ಎಂಬ ಅರ್ಥದ ಮಾತನ್ನಾಡುತ್ತಾನೆ. ಜನ ಮೊಣಕಾಲೂರುತ್ತಾರೆ. ಆ ಮಾತಿನಲ್ಲಿ ಶಕ್ತಿಯಿದೆ, ಒಂದು ಬಗೆಯ ಸೌಂದರ್ಯವೂ ಇದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಹಾಗೆ ಹೇಳುವಾಗ ಅವನು ಇನ್ನೂ ಒಬ್ಬ ಪ್ಲೇಗು ರೋಗಿಯ ಹಾಸಿಗೆಯ ಬಳಿಯೂ ರಾತ್ರಿ ಕಳೆದವನಲ್ಲ.

ಮುಂದೆ ತಾರೂ ಎಂಬವನು ಸ್ವಯಂಸೇವಕರ ದಳಗಳನ್ನು ಕಟ್ಟಿದಾಗ ಪಾನ್ಲೂ ಹಿಂದೆಗೆಯದೆ ಅದರಲ್ಲಿ ಸೇರಿಕೊಳ್ಳುತ್ತಾನೆ; ಕಮೂ ಅವನಿಗೆ ಅನ್ಯಾಯ ಮಾಡುವುದಿಲ್ಲ. ಶರತ್ಕಾಲದಲ್ಲಿ ನ್ಯಾಯಾಧೀಶನ ಚಿಕ್ಕ ಮಗನಿಗೆ ಪ್ಲೇಗು ಬರುತ್ತದೆ. ಹೊಸದಾಗಿ ಸಿದ್ಧಪಡಿಸಿದ ಸೀರಮ್ಮನ್ನು ಆ ಮಗುವಿನ ಮೇಲೆ ಮೊದಲ ಬಾರಿಗೆ ಪ್ರಯೋಗಿಸುತ್ತಾರೆ. ಅದು ಪ್ರಾಣವನ್ನು ಉಳಿಸುವುದಿಲ್ಲ, ನರಳಾಟವನ್ನು ಮಾತ್ರ ಉದ್ದಮಾಡುತ್ತದೆ. ಮಗು ಸಾಯುವ ತನಕ ಎಲ್ಲರೂ ಹಾಸಿಗೆಯ ಸುತ್ತ ನಿಂತಿರುತ್ತಾರೆ, ಪಾನ್ಲೂ ಕೂಡ. ಹೊರಬಂದ ವೈದ್ಯ ರಿಯೂ ತಾಳ್ಮೆಗೆಟ್ಟು, ಈ ಮಗುವಾದರೂ ನಿಷ್ಪಾಪಿಯಾಗಿತ್ತು, ಅದು ನಿಮಗೂ ಗೊತ್ತು ಎಂದು ಅವನತ್ತ ತಿರುಗಿ ಹೇಳುತ್ತಾನೆ.

ಇದಾದ ಮೇಲೆ ಪಾನ್ಲೂ ಎರಡನೆಯ ಪ್ರವಚನ ಕೊಡುತ್ತಾನೆ. ಈ ಬಾರಿ ಜನ ಕಡಿಮೆ. ಬಹುಮಂದಿ ಭವಿಷ್ಯವಾಣಿಗಳ, ತಾಯಿತಗಳ ಹಿಂದೆ ಹೋಗಿದ್ದಾರೆ. ಅವನ ದನಿಯೂ ಮೆತ್ತಗಾಗಿದೆ. ಕಮೂ ಇಲ್ಲಿ ಒಂದು ಸಣ್ಣ ವಿವರವನ್ನು ಗುರುತಿಸುತ್ತಾನೆ. ಮೊದಲ ಪ್ರವಚನದ ಉದ್ದಕ್ಕೂ ‘ನೀವು’ ಎನ್ನುತ್ತಿದ್ದ ಪಾನ್ಲೂ ಈಗ ‘ನಾವು’ ಎನ್ನುತ್ತಾನೆ. ಇಡೀ ಕಾದಂಬರಿಯ ನೈತಿಕ ತಿರುಳು ಈ ಸರ್ವನಾಮದ ಪಲ್ಲಟದಲ್ಲಿ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಅವನು ದೇವರನ್ನು ಬಿಟ್ಟುಕೊಡಲಿಲ್ಲ. ನಂಬಿಕೆ ಇನ್ನೂ ಕಠೋರವಾಯಿತು. ಬಿಟ್ಟುಕೊಟ್ಟದ್ದು ರೋಗಿಯ ಮುಂದೆ ನ್ಯಾಯಪೀಠದಲ್ಲಿ ಕೂರುವ ಅಧಿಕಾರವನ್ನು.

ಕನ್ನಡದ ಓದುಗರಿಗೆ ಇಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ನೆನಪಾಗದೆ ಇರದು. 1965ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ಅವರು ಇಂಗ್ಲೆಂಡಿನಲ್ಲಿ ಅಧ್ಯಯನ ಮಾಡುತ್ತಿದ್ದಾಗ ಬರೆದರು. ಮಧ್ಯಯುಗದ ಪ್ಲೇಗಿನ ಕಾಲವನ್ನು ಚಿತ್ರಿಸುವ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಚಲನಚಿತ್ರವೊಂದು ಅದಕ್ಕೆ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅದರಲ್ಲಿ ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪ ದೂರ್ವಾಸಪುರದ ಅಗ್ರಹಾರದಲ್ಲಿ ಸಾಯುತ್ತಾನೆ. ಆಚಾರಗೆಟ್ಟ ಅವನ ಶವಕ್ಕೆ ಸಂಸ್ಕಾರ ಮಾಡುವವರಾರು ಎಂಬ ಪ್ರಶ್ನೆಗೆ ಪ್ರಾಣೇಶಾಚಾರ್ಯರು ಓಲೆಗರಿಗಳಲ್ಲಿ ಉತ್ತರ ಹುಡುಕುತ್ತಾರೆ. ಇತ್ತ ಇಲಿಗಳು ಬಿದ್ದು ಸಾಯುತ್ತಿವೆ. ಹದ್ದುಗಳು ಮನೆಯ ಮಾಡಿನ ಮೇಲೆ ಬಂದು ಕೂರುತ್ತಿವೆ. ಅಗ್ರಹಾರದವರು ಇದನ್ನೆಲ್ಲ ಶವ ಎತ್ತದೆ ಉಳಿದ ದೋಷದ ಫಲವೆಂದು ಭಾವಿಸಿ ಶಂಖ ಜಾಗಟೆಗಳಿಂದ ಹದ್ದುಗಳನ್ನು ಓಡಿಸುತ್ತಾರೆ. ಕಣ್ಣೆದುರಿನ ಇಲಿ ಅವರಿಗೆ ಅರ್ಥವಾಗುವುದಿಲ್ಲ, ಏಕೆಂದರೆ ಅವರು ಹುಡುಕುತ್ತಿರುವುದು ಅಪರಾಧಿಯನ್ನು. ಕೊನೆಗೆ ಆ ಶವಕ್ಕೆ ರಾತ್ರಿಯಲ್ಲಿ ಬೆಂಕಿ ಕೊಡಿಸಿದವಳು ಅವನ ಸಂಗಾತಿ ಚಂದ್ರಿ. ಅವಳಿಗೆ ನೆರವಾದವನು ಒಬ್ಬ ಮುಸಲ್ಮಾನ ಮೀನು ವ್ಯಾಪಾರಿ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿಯೂ ಪ್ಲೇಗು ಮನೆ ಹೊಕ್ಕು ಮಕ್ಕಳನ್ನು ಒಯ್ಯುತ್ತದೆ, ಅದನ್ನು ಓದಿದವರು ಆ ಪುಟಗಳನ್ನು ಮರೆಯಲಾರರು. ಅಲ್ಲಿ ಸಿದ್ಧಾಂತಕ್ಕೆ ಎಡೆಯಿಲ್ಲ, ಒಬ್ಬ ತಾಯಿಯ ಶೋಕವಷ್ಟೇ ಇದೆ.

ಇವೆಲ್ಲ ಕಥೆಗಳು ಎನ್ನಬಹುದು. ಆದರೆ ನಮ್ಮ ಸೀಮೆ ಇದನ್ನು ಕಥೆಯಾಗಿ ಅಲ್ಲ, ಬಾಳಾಗಿ ಕಂಡಿದೆ. ಪ್ಲೇಗು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ರೈಲು ದಾರಿಯನ್ನು ಹಿಡಿದು ದಕ್ಷಿಣಕ್ಕೆ ಇಳಿಯಿತು. ಅಂದು ಈ ನಾಲ್ಕೂರುಗಳ ಆಡಳಿತ ಬೇರೆ ಬಗೆಯಾಗಿತ್ತು. ಹಾನಗಲ್ಲ ಧಾರವಾಡ ಜಿಲ್ಲೆಯ ತಾಲ್ಲೂಕು. ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿ ಸ್ಥಳ. ಹಿರೇಕೆರೂರು ಕೋಡ ತಾಲ್ಲೂಕಿನದು. ಸವಣೂರು ನವಾಬರ ಸಂಸ್ಥಾನ. ಪಿಡುಗಿಗೆ ಈ ಗಡಿಗಳ ಹಂಗಿರಲಿಲ್ಲ. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಊರಿಗೆ ಊರೇ ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬದುಕಿದ ಕಾಲವದು. ಇಲಿ ಬಿದ್ದ ಮನೆಯನ್ನು ಬಿಡಬೇಕೆಂಬುದನ್ನು ನಮ್ಮ ಹಿರಿಯರು ಅನುಭವದಿಂದಲೇ ಅರಿತುಕೊಂಡಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ದಾಟಿಸುತ್ತದೆಂದು ಫ್ರೆಂಚ್ ವೈದ್ಯ ಸಿಮೋಂ ಪ್ರಯೋಗದಿಂದ ತೋರಿಸಿದ್ದು ಅದೇ 1898ರಲ್ಲಿ. ಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾದವು. ಊರು ಬಿಟ್ಟ ರೈತನ ಬುದ್ಧಿ ಪ್ರಯೋಗಶಾಲೆಗಿಂತ ಹಿಂದಿರಲಿಲ್ಲ ಎಂಬುದು ನಮಗೆ ಹೆಮ್ಮೆಯ ಮಾತೇ.

ಹುಬ್ಬಳ್ಳಿಯ ಹೆಸರು ಜಗತ್ತಿನ ವೈದ್ಯಕೀಯ ಇತಿಹಾಸದಲ್ಲಿ ಸೇರಿದ್ದೂ ಆ ವರ್ಷವೇ. ವಿಜ್ಞಾನಿ ಹಾಫ್‌ಕಿನ್ 1897ರ ಜನವರಿ 10ರಂದು ಮುಂಬಯಿಯಲ್ಲಿ ತಾನು ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಮರುವರ್ಷ ಹುಬ್ಬಳ್ಳಿಯಲ್ಲಿ ಕೆಲವೇ ತಿಂಗಳುಗಳಲ್ಲಿ 35,000ಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾದುದನ್ನು ಕಂಡು ಬೇರೆ ಊರುಗಳೂ ಮುಂದೆ ಬಂದವು. ಲಸಿಕೆಗೆ ಹೆದರುವ ಇಂದಿನ ಕೆಲವರು ನಮ್ಮ ಮುತ್ತಜ್ಜ ಮುತ್ತಜ್ಜಿಯರ ಧೈರ್ಯವನ್ನೊಮ್ಮೆ ನೆನೆಯಬೇಕು.

ಆದರೆ ಆ ಕಾಲದ ಇನ್ನೊಂದು ಮುಖವೂ ಇದೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಸರಕಾರ ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ಯುವ ಕ್ರಮ ಹಿಡಿಯಿತು. ಪುಣೆಯಲ್ಲಿ ಸೈನಿಕರು ಹೆಂಗಸರ ಮಾನಮರ್ಯಾದೆ ನೋಡದೆ ತಪಾಸಣೆ ನಡೆಸಿದ್ದರಿಂದ ರೋಷ ಹೊತ್ತಿ, ಅದೇ ವರ್ಷ ಜೂನ್ 22ರಂದು ಪ್ಲೇಗ್ ಅಧಿಕಾರಿ ರಾಂಡ್ ಗುಂಡಿಗೆ ಗುರಿಯಾದ. ಜನ ರೋಗಿಗಳನ್ನು ಹಗೇವುಗಳಲ್ಲಿ, ಅಟ್ಟದ ಮೇಲೆ ಮುಚ್ಚಿಟ್ಟರು. ಮುಚ್ಚಿಟ್ಟಷ್ಟೂ ರೋಗ ಬೆಳೆಯಿತು. ಹೆದರಿಸಿದರೂ ಅವಮಾನಿಸಿದರೂ ಮನುಷ್ಯ ಮಾಡುವುದು ಒಂದನ್ನೇ, ಮುಚ್ಚಿಡುವುದನ್ನು. ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ತಮ್ಮ ಸಾಕುಮಗನಾದ ವೈದ್ಯ ಯಶವಂತರಾಯರ ಚಿಕಿತ್ಸಾಲಯಕ್ಕೆ ಪ್ಲೇಗು ತಗುಲಿದ ಬಾಲಕನೊಬ್ಬನನ್ನು ಹೊತ್ತು ತಂದು, ತಾವೇ ಆ ರೋಗಕ್ಕೆ ಈಡಾಗಿ 1897ರ ಮಾರ್ಚ್ 10ರಂದು ಲಿಂಗೈಕ್ಯರಾದವರ ಸಾಲಿಗೆ ಸಲ್ಲಬೇಕಾದ ರೀತಿಯಲ್ಲಿ ದೇಹ ಬಿಟ್ಟರು. ಆ ಬಾಲಕ ಯಾವ ಕುಲದವನು, ಯಾವ ಕರ್ಮದವನು ಎಂದು ಆ ತಾಯಿ ಕೇಳಲಿಲ್ಲ.

ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು (1867–1930) ಸಮಾಜಕಾರ್ಯಕ್ಕೆ ಇಳಿದ ವರ್ಷಗಳು ಇವೇ. ಪ್ಲೇಗು, 1899–1900ರ ಮಹಾಕ್ಷಾಮ, 1918ರ ಇನ್‌ಫ್ಲುಯೆಂಜಾ ಒಂದರ ಮೇಲೊಂದು ಎರಗಿದ ಈ ನೆಲದಲ್ಲಿಯೇ ಪೂಜ್ಯರು ನಡೆದಾಡಿದರು. 1904ರಲ್ಲಿ ಮಹಾಸಭೆಯನ್ನೂ 1909ರಲ್ಲಿ ಬಾದಾಮಿ ಬಳಿಯ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನೂ ಸ್ಥಾಪಿಸಿದರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಹುಟ್ಟುಕುರುಡ ಬಾಲಕನೊಬ್ಬನನ್ನು ಕರೆತಂದು ಸಂಗೀತ ಕಲಿಸಿ ಪಂಚಾಕ್ಷರಿ ಗವಾಯಿಗಳನ್ನಾಗಿ ಮಾಡಿದವರು ಅವರೇ. ಅಂಧತ್ವವನ್ನು ಪೂರ್ವಜನ್ಮದ ಶಿಕ್ಷೆಯೆಂದು ಬಗೆಯುವ ಲೋಕದಲ್ಲಿ ಪೂಜ್ಯರು ಆ ಬಾಲಕನಲ್ಲಿ ಕಂಡದ್ದು ಕಂಠವನ್ನು. ಈ ಒಂದು ಉದಾಹರಣೆಯ ಮುಂದೆ ಕರ್ಮದ ವ್ಯಾಖ್ಯಾನಗಳೆಲ್ಲ ನನಗೆ ಹಗುರವಾಗಿ ತೋರುತ್ತವೆ.

ಶರಣಧರ್ಮದ ಮೂಲದಲ್ಲಿಯೇ ಈ ನಿಲುವಿದೆ ಎಂಬುದನ್ನು ನಾವು ಮರೆತಂತಿದೆ. ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಐದನ್ನೂ ಇಷ್ಟಲಿಂಗಧಾರಿಗೆ ಇಲ್ಲವೆಂದು ಶರಣರು ತೆಗೆದುಹಾಕಿದರು. ಹನ್ನೆರಡನೆಯ ಶತಮಾನದಲ್ಲಿ ಸತ್ತವರ ಮನೆಯನ್ನು, ಹೆತ್ತ ತಾಯಿಯನ್ನು ಅಶುದ್ಧವೆಂದು ದೂರವಿಡುತ್ತಿದ್ದ ಸಮಾಜದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಅದೇ ಪರಂಪರೆಯ ಮಕ್ಕಳಾದ ನಾವು ಆರನೆಯದಾಗಿ ರೋಗಸೂತಕವೊಂದನ್ನು ಹುಟ್ಟುಹಾಕಿಕೊಂಡಿದ್ದೇವೆ. ಕುಷ್ಠದಿಂದ ಸಂಪೂರ್ಣ ಗುಣವಾದವರ ಮನೆಗೆ ಇಂದಿಗೂ ಹೆಣ್ಣು ಕೊಡುವುದಿಲ್ಲ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಾನೂನನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು. ಆದರೆ ಮನೆಯ ಪಡಸಾಲೆಯಲ್ಲಿ ಆ ಕಾನೂನು ಇನ್ನೂ ನಡೆಯುತ್ತಿದೆ. ವೈದ್ಯ ಸಂಗಣ್ಣನೆಂಬ ಶರಣನ ಕಾಯಕ ವೈದ್ಯವೃತ್ತಿಯೇ ಆಗಿತ್ತು. ರೋಗಿಯ ನಾಡಿ ಹಿಡಿಯುವುದು ಅಲ್ಲಿ ಲಿಂಗಪೂಜೆಗಿಂತ ಕೆಳಗಿನ ಕೆಲಸವಾಗಿರಲಿಲ್ಲ.

ಹೀಗೆಂದು ಕಮೂನನ್ನು ಶರಣನನ್ನಾಗಿ ಮಾಡುವ ಆತುರ ಬೇಡ. ಹೊರಗಿನ ದೊಡ್ಡವರೆಲ್ಲ ನಮ್ಮವರ ಮಾತನ್ನೇ ಹೇಳಿದ್ದಾರೆಂದು ಸಾಧಿಸುವ ಚಪಲ ನಮ್ಮ ಉಪನ್ಯಾಸಗಳಲ್ಲಿ ಹೆಚ್ಚಾಗುತ್ತಿದೆ. ಅದರಿಂದ ಅವರಿಗೂ ಗೌರವವಿಲ್ಲ, ನಮಗೂ ಇಲ್ಲ. ಕಮೂನ ವೈದ್ಯ ರಿಯೂ ಮೌನವಾದ ಆಕಾಶದ ಕೆಳಗೆ, ದೇವರ ನೆರವಿನ ನಿರೀಕ್ಷೆಯಿಲ್ಲದೆ ದುಡಿಯುತ್ತಾನೆ. ಅವನಿಗೆ ಪ್ಲೇಗೆಂದರೆ ಕೊನೆಯಿಲ್ಲದ ಸೋಲು. ಭಕ್ತನಿಗೆ ಈ ನೋಟ ಒಪ್ಪಿತವಾಗಬೇಕಿಲ್ಲ. ಜಂಗಮದಲ್ಲಿ ಲಿಂಗವನ್ನು ಕಾಣುವವನಿಗೆ ರೋಗಿಯ ಸೇವೆ ದೇವರ ಎದುರಿನ ಬಂಡಾಯವಾಗುವುದಿಲ್ಲ. ಅದು ದಾಸೋಹವೇ ಆಗುತ್ತದೆ. ನನ್ನ ದೃಷ್ಟಿಯಲ್ಲಿ ಕಮೂಗೆ ಕಾಣದೆ ಉಳಿದ ಮಾರ್ಗ ಇದು. ಆದರೆ ತಾನು ಮಾಡುತ್ತಿರುವುದು ವೀರಕಾರ್ಯವಲ್ಲ, ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವುದಷ್ಟೇ ಎಂದು ರಿಯೂ ಹೇಳುವ ಸ್ಥಳಕ್ಕೆ ಬಂದಾಗ, ಕಾಯಕವೆಂಬ ಪದವನ್ನು ಬಲ್ಲ ಓದುಗ ಒಂದು ಕ್ಷಣ ಪುಸ್ತಕವನ್ನು ಕೆಳಗಿಡುತ್ತಾನೆ.

ಇನ್ನು ಆಕ್ಷೇಪಗಳು. ಕರ್ಮದ ಮಾತು ದುಃಖಿತರಿಗೆ ಸಮಾಧಾನ ಕೊಡುತ್ತದಲ್ಲ ಎಂದು ಹಿರಿಯರೊಬ್ಬರು ಕೇಳಬಹುದು. ಮಗನನ್ನು ಕಳೆದುಕೊಂಡ ತಾಯಿ ‘ನನ್ನ ಹಣೆಬರಹ’ ಎಂದು ತನ್ನೊಳಗೆ ಸಂತೈಸಿಕೊಂಡರೆ ಅವಳ ಆ ಆಸರೆಯನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ನೆರೆಮನೆಯವಳು ಬಂದು ‘ನಿನ್ನ ಹಣೆಬರಹ’ ಎಂದರೆ ಅದೇ ಪದ ಚೂರಿಯಾಗುತ್ತದೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ಕನ್ನಡಿಯ ಮುಂದೆ ಹೇಳಿಕೊಂಡರೆ ವಿವೇಕ. ರೋಗಿಯ ಮಂಚದ ಬಳಿ ಹೇಳಿದರೆ ಕ್ರೌರ್ಯ.

ತಂಬಾಕು, ಗುಟಖಾ, ಸಾರಾಯಿಗಳಿಂದ ಬರುವ ರೋಗಕ್ಕೆ ಆ ಮನುಷ್ಯನೇ ಹೊಣೆಯಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದು ತೂಕವುಳ್ಳದ್ದು. ಕಾರಣವನ್ನು ಹೇಳುವುದಕ್ಕೂ ಅಪರಾಧವನ್ನು ಹೊರಿಸುವುದಕ್ಕೂ ಅಂತರವಿದೆ. ಬಾಯಿಯಲ್ಲಿ ಬಿಳಿ ಕಲೆ ಮೂಡುವ ಮೊದಲು ಗುಟಖಾ ಬಿಡಿಸಬೇಕು. ಅದಕ್ಕೆ ಗದರಿಸಿದರೂ ತಪ್ಪಿಲ್ಲ. ಗಂಟು ಕಂಡ ಮೇಲೆ ಗದರಿಕೆಯಿಂದ ಪ್ರಯೋಜನವಿಲ್ಲ, ಹುಬ್ಬಳ್ಳಿಯ ಆಸ್ಪತ್ರೆಗೆ ಜತೆಯಾಗಿ ಹೋಗುವವರು ಬೇಕು. ಪಿಡುಗಿನಲ್ಲಂತೂ ರೋಗಿ ಮಾಡಿದ ತಪ್ಪು ಉಸಿರಾಡಿದ್ದು ಮಾತ್ರ.

ಹಾಗಾದರೆ ಸಾಂಕ್ರಾಮಿಕ ರೋಗಕ್ಕೆ ನೈತಿಕ ಅರ್ಥವೇ ಇಲ್ಲವೇ? ಇದೆ, ಆದರೆ ಅದನ್ನು ಹುಡುಕುವ ಜಾಗ ರೋಗಿಯ ಮೈಯಲ್ಲ. ನಮ್ಮ ನೆರೆಯದೇ ಒಂದು ನಿದರ್ಶನವಿದೆ. ಹಾನಗಲ್ಲ, ಹಿರೇಕೆರೂರು ತಾಲ್ಲೂಕುಗಳಿಗೆ ಹೊಂದಿಕೊಂಡ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು, ಬಳಿಕ ಕಾಡಂಚಿನ ಜನರು ಜ್ವರದಿಂದ ಮಲಗಿದರು. ಅಂದಿನಿಂದ ಆ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಒಂದು ರೋಗದ ಹೆಸರಾಗಿ ಉಳಿದಿದೆ. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಉಣ್ಣೆಹುಳುವಿನ ಕಡಿತದಿಂದ ಹರಡುವ ವೈರಸ್ ಅದು. 1982–83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಪ್ರದೇಶದಲ್ಲಿ ಅದು ಭೀಕರವಾಗಿ ಎರಗಿತು. ಕಾಡು ಕಡಿದದ್ದಕ್ಕೆ ದೈವ ಮುನಿಯಿತೆಂದು ಅಲ್ಲಿನ ಜನ ಆಡಿಕೊಂಡರು. ಆ ಮಾತಿನಲ್ಲಿ ಸತ್ಯದ ಒಂದು ಎಳೆ ಇಲ್ಲದಿಲ್ಲ. ಕಾಡನ್ನು ಕೆಡಿಸಿದರೆ ಕಾಡಿನ ರೋಗ ಮನೆಯಂಗಳಕ್ಕೆ ಬರುತ್ತದೆ. ಆದರೆ ಸತ್ತವರು ಯಾರು? ಕಾಡು ಕಡಿಯುವ ನಿರ್ಧಾರ ಮಾಡಿದವರಲ್ಲ. ಕೂಲಿಗೆ ಹೋದವರು, ಸೌದೆ ಸೊಪ್ಪಿಗೆ ಹೋದವರು. ತಪ್ಪು ಒಂದೆಡೆ, ಸಾವು ಇನ್ನೊಂದೆಡೆ. ಸತ್ತವನನ್ನೇ ಪಾಪಿಯೆಂದು ಕರೆದರೆ ನಿಜವಾದ ಹೊಣೆಗಾರ ತಪ್ಪಿಸಿಕೊಳ್ಳುತ್ತಾನೆ. ಪಾಪದ ಮಾತು ಧರ್ಮವನ್ನು ರಕ್ಷಿಸುವುದಿಲ್ಲ, ಅದಕ್ಕೆ ಕಣ್ಣುಕಟ್ಟುತ್ತದೆ ಎಂದು ನಾನು ಹೇಳುವುದು ಇದರಿಂದಲೇ. (ಪ್ರಾಸಂಗಿಕವಾಗಿ ಒಂದು ಮಾತು: ಚಳಿಗಾಲದಿಂದ ಬೇಸಗೆಯ ತನಕ ಹಾನಗಲ್ಲಿನ ಪಶ್ಚಿಮದ ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬಾರದು, ಹೂಳಲೂ ಹೋಗಬಾರದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಬೇಕು.)

2020ರ ನೆನಪು ಇನ್ನೂ ಹಸಿಯಾಗಿದೆ. ಆ ವರ್ಷದ ಮಾರ್ಚ್ ಕೊನೆಗೆ ದೇಶವೇ ಬಾಗಿಲು ಹಾಕಿಕೊಂಡಿತು. ಹಾವೇರಿ ಜಿಲ್ಲೆಯ ಮೊದಲ ಕೊರೊನಾ ಪ್ರಕರಣ ಮೇ ತಿಂಗಳಲ್ಲಿ ಸವಣೂರಿನಲ್ಲಿ ಪತ್ತೆಯಾಯಿತು. ಅಷ್ಟರಲ್ಲಿ ಹಲವು ಹಳ್ಳಿಗಳು ದಾರಿಗೆ ಮುಳ್ಳುಕಂಟಿ ಬಡಿದಿದ್ದವು. ದುಡಿಯಲು ಮುಂಬಯಿ, ಗೋವೆ, ಬೆಂಗಳೂರಿಗೆ ಹೋಗಿದ್ದ ನಮ್ಮವೇ ಮಕ್ಕಳು ಊರ ಹೊರಗೆ ಶಾಲೆಗಳಲ್ಲಿ ಮಲಗಿದರು. ದೂರವಿರಿಸಿದ್ದು ವೈದ್ಯಕೀಯ ದೃಷ್ಟಿಯಿಂದ ಸರಿಯೇ. ಹೊಲದ ಗುಡಿಸಲಿನ ಕಾಲದಿಂದಲೂ ನಾವು ಬಲ್ಲ ಕ್ರಮವದು. ಆದರೆ ಬುತ್ತಿ ಕಟ್ಟಿಕೊಂಡು ಹೋಗಿ ಕಿಟಕಿಯ ಬಳಿ ಇಟ್ಟು ‘ಹೆಂಗಿದಿಯಪ್ಪಾ’ ಎಂದು ಕೇಳಿ ಬಂದವರೂ ಇದ್ದರು, ‘ಊರಿಗೆ ಕೇಡು ತಂದವನು’ ಎಂದು ದೂರದಿಂದಲೇ ಬೈದವರೂ ಇದ್ದರು. ಎರಡೂ ಗುಂಪು ಅದೇ ಆರು ಅಡಿ ಅಂತರವನ್ನು ಕಾಯ್ದುಕೊಂಡಿತ್ತು. ಎರಡನೆಯ ಅಲೆಯಲ್ಲಿ ನಮ್ಮ ಪದ್ಧತಿಯಂತೆ ಕ್ರಿಯಾಸಮಾಧಿಯಾಗಲಿ, ವಿಭೂತಿಯಾಗಲಿ, ಜಂಗಮರ ಸಾನ್ನಿಧ್ಯವಾಗಲಿ ಇಲ್ಲದೆ ಎಷ್ಟೋ ಹಿರಿಯರನ್ನು ಅಪರಿಚಿತರ ಕೈಗಳು ಮಣ್ಣು ಮಾಡಿದವು. ‘ಸಂಸ್ಕಾರ’ದ ಚಂದ್ರಿ, ಆ ಮೀನು ವ್ಯಾಪಾರಿ ಆಗ ನಮ್ಮ ಕಣ್ಣೆದುರೇ ನಡೆದಾಡಿದರು. ಆ ಕೈಗಳ ಜಾತಿಯನ್ನು ಆಗ ಯಾರೂ ಕೇಳಲಿಲ್ಲ. ಈಗ ಮತ್ತೆ ಕೇಳುತ್ತಿದ್ದೇವೆ.

ಇಂದಿನ ಪಿಡುಗು ಸದ್ದಿಲ್ಲದ್ದು. ಕಮೂನನ್ನು ಕಾಡಿದ ಕ್ಷಯ ಇಂದು ಆರು ತಿಂಗಳ ಮಾತ್ರೆಗಳಿಂದ ಗುಣವಾಗುತ್ತದೆ, ಔಷಧ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರಕಾರ ಕೊಡುವ ಮಾಸಿಕ ನೆರವು 2024ರ ನವೆಂಬರಿನಿಂದ ಸಾವಿರ ರೂಪಾಯಿಗೆ ಏರಿದೆ. ಆದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ನಮ್ಮ ದೇಶದಲ್ಲಿದ್ದಾರೆ. ನೆರವು ಪಡೆಯಲು ಹೆಸರು ನೋಂದಾಯಿಸಬೇಕು, ನೋಂದಾಯಿಸಿದರೆ ಊರಿಗೆ ತಿಳಿಯುತ್ತದೆ ಎಂಬ ಭಯದಿಂದಲೇ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಮನೆಯ ಸೊಸೆಯನ್ನು ಒಳಗೆ ಕಳಿಸುವವರಿದ್ದಾರೆ. ಆ ಭಯವನ್ನು ಮಾತ್ರೆ ತೆಗೆಯಲಾರದು. ಭಕ್ತರು ನಂಬುವ ಪೀಠದಿಂದ ಬಂದ ಮಾತು ತೆಗೆಯಬಲ್ಲದು.

ಆದುದರಿಂದ ಶ್ರಾವಣ ಮಾಸದ ಪ್ರವಚನಗಳ ವ್ಯವಸ್ಥೆ ಮಾಡುವ ಹಿರಿಯರಲ್ಲಿ ಮತ್ತು ಪ್ರಸಾದನಿಲಯಗಳನ್ನು ನೋಡಿಕೊಳ್ಳುವವರಲ್ಲಿ ಎರಡು ವಿನಂತಿಗಳಿವೆ. ಪ್ರವಚನಕಾರರು ಆ ತಿಂಗಳಿನಲ್ಲಿ ಒಂದು ಸಂಜೆಯನ್ನಾದರೂ ರೋಗಸೂತಕದ ವಿಷಯಕ್ಕೆ ಮೀಸಲಿಡಲಿ. ಅಂದು ಊರಿನ ಆಶಾ ಕಾರ್ಯಕರ್ತೆಯನ್ನು ವೇದಿಕೆಯ ಮೇಲೆ ಕೂರಿಸಿ, ಅವರಿಗೂ ಹತ್ತು ನಿಮಿಷ ಮಾತನಾಡಲು ಬಿಡಲಿ. ಪ್ರಸಾದನಿಲಯದ ವಿದ್ಯಾರ್ಥಿಗಳು ಪಾನ್ಲೂವಿನ ಎರಡು ಪ್ರವಚನಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಲಿ, ಜತೆಗೆ ‘ಸಂಸ್ಕಾರ’ದ ಮೊದಲ ಭಾಗವನ್ನು ಓದಲಿ. ಓದಿ ಮುಗಿದ ಮೇಲೆ ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಓಣಿಯ ಅತ್ಯಂತ ಹಿರಿಯರ ಬಳಿ ಕುಳಿತು, ಅವರ ಅಜ್ಜ ಅಜ್ಜಿಯರು ಪ್ಲೇಗಿನ ಗುಡಿಸಲುಗಳ ಬಗ್ಗೆ ಏನು ಹೇಳುತ್ತಿದ್ದರೆಂದು ಕೇಳಿ ಬರೆದಿಟ್ಟುಕೊಳ್ಳಲಿ. ಆ ಕಥೆಗಳನ್ನು ಕಿವಿಯಾರೆ ಕೇಳಿದವರಿಗೆ ಈಗ ಎಂಬತ್ತು ದಾಟಿದೆ. ಮುಂದಿನ ಶ್ರಾವಣದವರೆಗೆ ಕಾಯದೆ, ಬರುವ ದಸರೆಯ ರಜೆಯಲ್ಲಿಯೇ ಈ ಕೆಲಸವನ್ನು ಆರಂಭಿಸಬಹುದು.